ಕೋಳಿ ಪ್ರೊಸೆಸಿಂಗ್ ಘಟಕದ ಬಯೋಗ್ಯಾಸ್ ಕುಂತದ, ಸುಣ್ಣ ಎಷ್ಟು ಹಾಕಬೇಕು?

ಕಾರಂಜಾ_ದಂಡಿ (ಬೀದರ್)
ಹುಮನಾಬಾದ್ ಕಡೆ ದಿನಕ್ಕ 5,000 ಕೋಳಿ ಕೊಯ್ಯೋ ಘಟಕ. ಕೋಳಿಗೆ ಸುಮಾರು 20 ಲೀಟರ್ ನೀರು. ಕರುಳು, ರಕ್ತ, ಪುಕ್ಕ ಎಲ್ಲಾ ಟ್ಯಾಂಕಿಗೇ ಹೋಗ್ತದ. ಎರಡು ವಾರದಿಂದ ಗ್ಯಾಸ್ ಅರ್ಧಕ್ಕ ಇಳದದ, ಉರಿ ನಿಲ್ಲವಲ್ದು, ಪಿಎಚ್ 6.3. ಟ್ಯಾಂಕಿನ ರಾಡಿ (ಸ್ಲರಿ) ಹುಳಿ ವಾಸನಿ, ಮ್ಯಾಲ ಗೇಣು ದಪ್ಪ ಕೊಬ್ಬಿನ ಕೆನಿ. ಸುಣ್ಣ ಎಷ್ಟು ಹಾಕಬೇಕ್ರಿ?

ಸ್ಲರಿ_ಮೇಷ್ಟ್ರು
ಸುಣ್ಣ ಆಮೇಲೆ, ಮೊದಲು ಟ್ಯಾಂಕಿಗೆ ಹಾಕುವ ತ್ಯಾಜ್ಯ (ಫೀಡ್) ನಿಲ್ಲಿಸಿ. ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾ ಚುರುಕು, ಅದನ್ನು ಮೀಥೇನ್ ಮಾಡುವವು ನಿಧಾನ. ಕೊಬ್ಬು ಹೆಚ್ಚಾದರೆ ಈ ನಿಧಾನದವುಗಳ ಮೈಗೇ ಅಂಟಿಕೊಂಡು ಕೆಲಸ ಕೆಡಿಸುತ್ತದೆ.

ಸುಣ್ಣ ಒಮ್ಮೆಲೇ ಸುರಿದರೆ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ತಳದಲ್ಲಿ ಗಸಿಯಾಗಿ ಕೂರುತ್ತದೆ, ಅಷ್ಟೇ ಲಾಭ. ಅಡುಗೆ ಸೋಡಾ ವಾಸಿ. 1,000 ಲೀಟರ್ ಸ್ಲರಿಗೆ 1 ಕೆಜಿ ಲೆಕ್ಕದಲ್ಲಿ ಕರಗಿಸಿ ಹಾಕಿ, ಮರುದಿನ ಪಿಎಚ್ ನೋಡಿ, 6.8 ದಾಟಿದರೆ ಸಾಕು. ಕೆನೆಯನ್ನು ತೆಗೆದು ಹೊರಗೆ ಹಾಕಿ. ಚೆನ್ನಾಗಿ ನಡೆಯುತ್ತಿರುವ ಗೋಬರ್ ಗ್ಯಾಸ್ ಸ್ಲರಿ ಹತ್ತರಲ್ಲಿ ಒಂದು ಪಾಲು ಬೆರೆಸಿ. ಉರಿ ಆರದೆ ಸ್ಥಿರವಾದ ಮೇಲೆ ಕಾಲು ಪಾಲು ಫೀಡಿನಿಂದ ಶುರುಮಾಡಿ, ವಾರಕ್ಕೊಮ್ಮೆ ಏರಿಸಿ.

ತೊಗರಿ_ಕಣಜ (ಕಲಬುರಗಿ)
ಮೇಷ್ಟ್ರು ಹೇಳಿದ್ದು ಖರೆ, ಆದ್ರ ಪಿಎಚ್ 8ರ ಹತ್ರ ಒಯ್ಯಬ್ಯಾಡ್ರಿ. ರಕ್ತದಾಗ ಸಾರಜನಕ ಭಾಳ. ಪಿಎಚ್ ಏರಿದಂಗ ಅಮೋನಿಯಾ ವಿಷ ಆಗ್ತದ, ಗ್ಯಾಸ್ ಮತ್ತ ಬೀಳ್ತದ.

ಮೂಲ ತಪ್ಪು ಟ್ಯಾಂಕಿನಾಗ ಇಲ್ಲ, ಕೊಯ್ಯೋ ಕಡೆ ಅದ. 5,000 ಕೋಳಿಗೆ ನೂರಾರು ಲೀಟರ್ ರಕ್ತ ಇಳೀತದ. ಕೊಯ್ದ ಕೋಳಿ ಎರಡು ನಿಮಿಷ ತೂಗಬಿಟ್ಟು, ರಕ್ತ ತೊಟ್ಟಿಗೆ ಬೇರೆ ಹಿಡೀರಿ. ನೆಲಕ್ಕ ಬಿದ್ದದ್ದು ವೈಪರ್‌ಲೆ ಬಳದ ಮ್ಯಾಲೇ ನೀರಿನ ಪೈಪ್ ಬಿಡ್ರಿ. ಪುಕ್ಕದ ಕೆರಾಟಿನ್ ಅನ್ನೋ ಗಟ್ಟಿ ಪ್ರೋಟೀನ್ ಆ ಟ್ಯಾಂಕಿನಾಗ ಕರಗೋದಿಲ್ಲ, ಕಂಬಳಿಯಂಗ ಹೆಣಕೊಂಡು ಔಟ್‌ಲೆಟ್ ಕಟ್ಟತದ.

ಪುಕ್ಕ, ರಕ್ತ ಕಾಂಪೋಸ್ಟಿಗೆ ಹಾಕ್ರಿ: ಒಂದು ಬುಟ್ಟಿಗೆ ಎರಡು ಮೂರು ಬುಟ್ಟಿ ತೊಗರಿ ಕಟ್ಟಿಗಿ ಪುಡಿ. ಹೊಟ್ಟು ದನಕ್ಕಿರ್ಲಿ. ಮುಷ್ಟಿಯಾಗ ಹಿಂಡಿದ್ರ ಕೈ ಹಸಿ ಆಗಬೇಕು, ನೀರು ತೊಟ್ಟಿಕ್ಕಬಾರ್ದು. ಗುಡ್ಡಿ 55 ಡಿಗ್ರಿ ಮ್ಯಾಲ 15 ದಿನ ಇರಬೇಕು, ಅಷ್ಟರಾಗ ಐದು ಸಲ ಹೊಳ್ಳಿಸ್ರಿ. ಹದ್ದು, ನಾಯಿ ಕೆದರದಂಗ ಮ್ಯಾಲ ಪುಡಿ ದಪ್ಪ ಮುಚ್ಚರಿ.

ಕಾರಂಜಾ_ದಂಡಿ
ಫ್ಯಾಟ್ ಟ್ರ್ಯಾಪ್ (ಕೊಬ್ಬು ತಡಿಯೋ ತೊಟ್ಟಿ) ಅದರಿ, ಆದ್ರೂ ಕೊಬ್ಬು ಮುಂದ ಹೋಗ್ತದಲ್ಲ?

ಸ್ಲರಿ_ಮೇಷ್ಟ್ರು
ಪುಕ್ಕ ಸಡಿಲಿಸುವ 55–60 ಡಿಗ್ರಿ ಬಿಸಿನೀರೂ ಅದೇ ಟ್ರ್ಯಾಪಿಗೆ ಬರುತ್ತಿದೆಯೇ ನೋಡಿ. ಕೊಬ್ಬು ಕರಗಿ ನೀರಿನೊಂದಿಗೇ ದಾಟುತ್ತದೆ, ಆಮೇಲೆ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಬಿಸಿನೀರಿನ ದಾರಿ ಬೇರೆ ಮಾಡಿ, ತಣಿದ ಮೇಲೆ ಸೇರಿಸಿ. ಟ್ರ್ಯಾಪಿಗೆ ಮೊದಲು 1–2 ಮಿಮೀ ಜಾಲರಿ ಇರಲಿ.

ಬೀದರ್ ಚಳಿಗಾಲದಲ್ಲಿ ಟ್ಯಾಂಕ್ 20 ಡಿಗ್ರಿಗಿಂತ ಕೆಳಗಿಳಿದರೂ ಗ್ಯಾಸ್ ಕುಸಿಯುತ್ತದೆ, ಅದಕ್ಕೆ ಸೋಡಾ ಮದ್ದಲ್ಲ.

ತೊಗರಿ_ಕಣಜ
ಕೆನಿ ತೆಗೆಯಾಕಂತ ಟ್ಯಾಂಕಿನಾಗ ಯಾರನ್ನೂ ಇಳಿಸಬ್ಯಾಡ್ರಿ. ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಇರ್ತದ. ಜಾಸ್ತಿ ಆದ್ರ ಮೂಗಿಗೆ ವಾಸನಿ ಸುದ್ದಾ ಗೊತ್ತಾಗಲ್ಲ. ಮ್ಯಾಲಿಂದನೇ ಉದ್ದ ಕೋಲಿನ ಜಾಳಗಿಲೆ ತೆಗೀರಿ, ಬೀಡಿ ದೂರ ಇರ್ಲಿ.