ಮೊದಲ ಸಲ ಪಿಆರ್‌ಒ ಡ್ಯೂಟಿ: ಎಲ್ಲಿ ಎಡವುತ್ತಾರೆ?

ಹೊಸಪಿಆರ್‌ಒ

ಇದುವರೆಗೆ ಚುನಾವಣೆಗೆ ಪಿಒ (ಮತಗಟ್ಟೆ ಅಧಿಕಾರಿ) ಆಗಿ ಮಾತ್ರ ಹೋಗಿದ್ದೆ. ಈ ಸಲ ಆದೇಶದಲ್ಲಿ ಪಿಆರ್‌ಒ, ಅಂದರೆ ಮತಗಟ್ಟೆಯ ಹೊಣೆ ಹೊರುವ ಅಧ್ಯಕ್ಷಾಧಿಕಾರಿ ಅಂತ ಇದೆ. ತರಬೇತಿಯಲ್ಲಿ ಒಂದು ಮೆಷಿನ್ ಸುತ್ತ ನಲವತ್ತು ಜನ, ಕೈಯಲ್ಲಿ ಮುಟ್ಟೋಕೂ ಆಗಲಿಲ್ಲ. ಮೂರು ವಿಷಯ ಬಿಡಿಸಿ ಹೇಳಿ. ಅಣಕು ಮತದಾನ (ನಿಜ ಮತದಾನಕ್ಕೆ ಮುಂಚಿನ ಯಂತ್ರ ಪರೀಕ್ಷೆ) 90 ನಿಮಿಷದೊಳಗೆ ಸೀಲಿಂಗ್ ಸಮೇತ ಮುಗಿಯುತ್ತಾ? ನಡುವೆ ಯಂತ್ರ ಕೈಕೊಟ್ಟರೆ ಯಾವುದನ್ನು ಬದಲಿಸಬೇಕು? ಡಿಮಸ್ಟರಿಂಗ್ ಕೌಂಟರಿನಲ್ಲಿ (ಮತದಾನ ಮುಗಿಸಿ ಯಂತ್ರ, ಕಾಗದ ಒಪ್ಪಿಸುವ ಜಾಗ) ಕೆಲವರು ರಾತ್ರಿಯೆಲ್ಲ ಕೂರೋದು ಯಾಕೆ?

ಸೆಕ್ಟರ್_ಜೀಪು

ಮುಗಿಯುತ್ತೆ, ಹಿಂದಿನ ಸಂಜೆಯೇ ಮತಗಟ್ಟೆ ಸಜ್ಜಾಗಿದ್ದರೆ. 7ಕ್ಕೆ ಮತದಾನ ಅಂದರೆ 5.30ಕ್ಕೆ ಅಣಕು ಶುರು. ಅಭ್ಯರ್ಥಿಗಳ ಏಜೆಂಟರು ಬಾರದಿದ್ದರೆ 15 ನಿಮಿಷ ಕಾದು ಆರಂಭಿಸಿ. ಒಂದು ಮತಕ್ಕೆ ಹದಿನೈದು ಸೆಕೆಂಡ್ ಹಿಡಿದರೂ 50 ಮತಕ್ಕೆ ಹನ್ನೆರಡೂವರೆ ನಿಮಿಷ. ಸಮಯ ತಿನ್ನುವುದು ಮತವಲ್ಲ, ಚೀಟಿ ಎಣಿಕೆ ಮತ್ತು ಸೀಲಿಂಗ್. ಅದಕ್ಕೇ ಲಕೋಟೆಗಳ ಮೇಲೆ ಮತಗಟ್ಟೆ ಸಂಖ್ಯೆ, ಕ್ಷೇತ್ರದ ಹೆಸರು ರಾತ್ರಿಯೇ ಬರೆದಿಡಿ.

ಜೋಡಣೆ: ಬ್ಯಾಲೆಟ್ ಯೂನಿಟ್‌ನ (ಬಿಯು, ಮತದಾರ ಒತ್ತುವ ಯಂತ್ರ) ಕೇಬಲ್ ವಿವಿಪ್ಯಾಟ್‌ಗೆ (ಮತದ ಚೀಟಿ ಮುದ್ರಿಸುವ ಯಂತ್ರ), ವಿವಿಪ್ಯಾಟ್‌ನದ್ದು ಕಂಟ್ರೋಲ್ ಯೂನಿಟ್‌ಗೆ (ಸಿಯು, ಸಿಬ್ಬಂದಿಯ ಬಳಿ ಇರುವ ಯಂತ್ರ). ಕೇಬಲ್ ಹಾಕುವಾಗ, ತೆಗೆಯುವಾಗ ಸಿಯು ಆಫ್ ಇರಲೇಬೇಕು. ವಿವಿಪ್ಯಾಟ್ ಹಿಂಬದಿಯ ಗುಬ್ಬಿ (ತಿರುಗಿಸುವ ನಾಬ್) ಸಾಗಣೆಗೆ ಅಡ್ಡ, ಕೆಲಸಕ್ಕೆ ನೆಟ್ಟಗೆ. ಬೆಳಗಿನ ಜಾವ ‘ವಿವಿಪ್ಯಾಟ್ ಕೆಟ್ಟಿದೆ ಸಾರ್’ ಅಂತ ಬರುವ ಫೋನ್‌ಗಳಲ್ಲಿ ಎಷ್ಟೋ ಈ ಗುಬ್ಬಿ ತಿರುಗಿಸದ ಕೇಸುಗಳೇ. ಕಿಟಕಿಯ ಬೆಳಕಿಗೆ ಎದುರಾಗಿ, ಬಲ್ಬಿನ ಕೆಳಗೆ ಇಡಬೇಡಿ. ಸೆನ್ಸರಿಗೆ ಬೆಳಕು ಬಿದ್ದರೆ ದೋಷ ತೋರಿಸುತ್ತೆ. ಆನ್ ಮಾಡಿದ ಕೂಡಲೇ 7 ಸ್ವಪರೀಕ್ಷೆ ಚೀಟಿ ಬೀಳುತ್ತವೆ, ಅವು ಲೆಕ್ಕಕ್ಕಿಲ್ಲ. ಏಜೆಂಟರಿಗೆ ಮೊದಲೇ ಹೇಳಿಬಿಡಿ, ಆಮೇಲೆ ಗಲಾಟೆ ಬೇಡ.

ಪ್ರತಿ ಅಭ್ಯರ್ಥಿಗೂ ನೋಟಾಕ್ಕೂ ಕನಿಷ್ಠ ಒಂದೊಂದು ಮತ, ಒಟ್ಟು 50ಕ್ಕೆ ಕಡಿಮೆಯಿಲ್ಲ. ಯಾರಿಗೆ ಎಷ್ಟು ಅಂತ ಎಪಿಆರ್‌ಒ (ಸಹಾಯಕ ಪಿಆರ್‌ಒ) ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಲಿ. ಆಮೇಲೆ ಸಿಯುನ ಕ್ಲೋಸ್, ರಿಸಲ್ಟ್ ಬಟನ್ ಒತ್ತಿ. ವಿವಿಪ್ಯಾಟ್‌ನಲ್ಲಿ ಚೀಟಿ ಬೀಳುವ ಡ್ರಾಪ್ ಬಾಕ್ಸ್ ತೆಗೆದು ಎಣಿಸಿ ತಾಳೆ ನೋಡಿ. ನಂತರ ಕ್ಲಿಯರ್ ಒತ್ತಿ ಅಣಕು ಮತ ಅಳಿಸಿ. ಟೋಟಲ್ ಒತ್ತಿ ಸೊನ್ನೆ ತೋರಿಸಿ, ಖಾಲಿ ಡ್ರಾಪ್ ಬಾಕ್ಸ್ ತೋರಿಸಿ. ಚೀಟಿಗಳ ಹಿಂದೆ ಅಣಕು ಮತದಾನದ ಮೊಹರು ಹೊಡೆದು ದಪ್ಪ ಕಪ್ಪು ಲಕೋಟೆಗೆ, ಅದನ್ನು ಪ್ಲಾಸ್ಟಿಕ್ ಡಬ್ಬಿಗೆ, ಡಬ್ಬಿಗೆ ಪಿಂಕ್ ಪೇಪರ್ ಸೀಲ್. ಸಿಯುಗೆ ಹಾಕುವ ಗ್ರೀನ್ ಪೇಪರ್ ಸೀಲ್‌ನ ಕ್ರಮಸಂಖ್ಯೆಯನ್ನು ಏಜೆಂಟರಿಗೂ ಬರೆದುಕೊಳ್ಳಲು ಹೇಳಿ, ಬಿಳಿ ಮಗ್ಗುಲಿನಲ್ಲಿ ನಿಮ್ಮ ಸಹಿಯ ಜೊತೆ ಅವರ ಸಹಿಯೂ ಇರಲಿ.

ಒಂದೇ ಒಂದು ಮಾತು ನೆನಪಿಟ್ಟರೆ ಸಾಕು ಅನ್ನುವುದಾದರೆ: ಕ್ಲಿಯರ್ ಮರೆಯಬೇಡಿ. ಅಣಕು ಮತ ಅಳಿಸದೆ ಮತದಾನ ನಡೆದರೆ ಎಣಿಕೆ ದಿನ ಆ ಯಂತ್ರ ಪಕ್ಕಕ್ಕೆ ಹೋಗುತ್ತೆ, ನೋಟಿಸ್ ನಿಮ್ಮ ಹೆಸರಿಗೆ ಬರುತ್ತೆ. 6.50ರ ಅವಸರದಲ್ಲೇ ಇದು ಆಗೋದು. ಸೊನ್ನೆ ಕಂಡ ಮೇಲಷ್ಟೇ ಪ್ರಮಾಣಪತ್ರಕ್ಕೆ ಸಹಿ ಹಾಕಿ.

ತಾಂತ್ರಿಕ_ಗೆಳೆಯ

ಎರಡನೇ ಪ್ರಶ್ನೆಗೆ. ಅಣಕು ಹಂತದಲ್ಲಿ ಕೆಟ್ಟರೆ ಕೆಟ್ಟ ಯೂನಿಟ್ ಮಾತ್ರ ಬದಲು. ನಿಜ ಮತದಾನ ಶುರುವಾದ ಮೇಲೆ ಹಾಗಲ್ಲ. ಸಿಯು ಅಥವಾ ಬಿಯು ಹೋದರೆ ಮೂರನ್ನೂ, ಅಂದರೆ ಇಡೀ ಸೆಟ್ ಬದಲಿಸಿ ನೋಟಾ ಸಮೇತ ಪ್ರತಿಯೊಬ್ಬರಿಗೂ ಒಂದೊಂದು ಅಣಕು ಮತ ಹಾಕಿ, ಮತ್ತೆ ಕ್ಲಿಯರ್ ಮಾಡಿ ಮುಂದುವರಿಸಬೇಕು. ವಿವಿಪ್ಯಾಟ್ ಒಂದೇ ಹೋದರೆ ಅದನ್ನಷ್ಟೇ ಬದಲಿಸಿ, ಅಣಕು ಬೇಡ. ಹಳೇ ಸೆಟ್ ಅನ್ನು ಸೀಲ್ ಮಾಡಿ ಜೊತೆಗೇ ತರಬೇಕು, ಅದರೊಳಗೂ ಮತಗಳಿವೆ. ನಿಲ್ಲಿಸಿದ ಸಮಯ, ಮತ್ತೆ ಆರಂಭಿಸಿದ ಸಮಯ, ಹಳೇ ಮತ್ತು ಹೊಸ ಯಂತ್ರದ ಸಂಖ್ಯೆ, ಎಲ್ಲವೂ ಡೈರಿಯಲ್ಲಿ ಆಗಿಂದಾಗಲೇ. ಸಂಜೆ ನೆನಪಿನಿಂದ ಬರೆದರೆ ತಪ್ಪುತ್ತೆ.

‘ನಾನು ಒತ್ತಿದ್ದು ಒಂದು, ಚೀಟಿಯಲ್ಲಿ ಬಂದದ್ದು ಇನ್ನೊಂದು’ ಅಂತ ಯಾರಾದರೂ ಅಂದರೆ ವಾದಕ್ಕಿಳಿಯಬೇಡಿ. ಅದಕ್ಕೆ ಚುನಾವಣಾ ನಿಯಮ 49ಎಂಎ ಇದೆ. ಸುಳ್ಳಾದರೆ ಏನಾಗುತ್ತೆ ಅಂತ ತಿಳಿಸಿ ಲಿಖಿತ ಘೋಷಣೆ ಪಡೆಯಿರಿ, 17ಎನಲ್ಲಿ (ಮತದಾರರು ಸಹಿ ಹಾಕುವ ಪುಸ್ತಕ) ಆ ಮತದಾರನ ಎರಡನೇ ನಮೂದು ಮಾಡಿ, ಏಜೆಂಟರ ಎದುರು ಪರೀಕ್ಷಾ ಮತ ಹಾಕಿಸಿ. ದೂರು ನಿಜವಾದರೆ ಮತದಾನ ನಿಲ್ಲಿಸಿ ಆರ್‌ಒಗೆ (ಕ್ಷೇತ್ರದ ಚುನಾವಣಾಧಿಕಾರಿ) ವರದಿ. ಸುಳ್ಳಾದರೆ ಯಾವ ಕ್ರಮಸಂಖ್ಯೆಗೆ ಪರೀಕ್ಷಾ ಮತ ಬಿತ್ತು ಅಂತ 17ಎ ಷರಾದಲ್ಲೂ 17ಸಿಯಲ್ಲೂ (ದಾಖಲಾದ ಮತಗಳ ಲೆಕ್ಕದ ನಮೂನೆ) ಬರೆಯಿರಿ.

ಹಾಜರಿಪುಸ್ತಕ

ಕೌಂಟರಿನಲ್ಲಿ ಕೂರಿಸುವುದು ಯಂತ್ರವಲ್ಲ, 17ಸಿ. ಲೆಕ್ಕ ಸರಳ: 17ಎ ಕೊನೇ ಕ್ರಮಸಂಖ್ಯೆ 812, ಒಬ್ಬರು ಸಹಿ ಹಾಕಿದ ಮೇಲೆ ಮತ ಬೇಡ ಅಂದರು (49-ಒ), ಗೋಪ್ಯತೆ ಉಲ್ಲಂಘನೆಗೆ ಒಬ್ಬರನ್ನು ತಡೆದಿರಿ (49ಎಂ). ಸಿಯು 810 ತೋರಿಸಬೇಕು. 809 ಅಥವಾ 811 ಬಂದರೆ ಎಲ್ಲೋ ಷರಾ ಬಿಟ್ಟಿದೆ, ಇಲ್ಲವೇ 17ಎನಲ್ಲಿ ಕ್ರಮಸಂಖ್ಯೆ ಹಾರಿದೆ. 347 ಆದಮೇಲೆ 349 ಬರೆಯುವುದು ಮಾಮೂಲು, ಅದೂ ಊಟದ ಹೊತ್ತಿಗೆ ಕುರ್ಚಿ ಬದಲಾದಾಗ. ಅದಕ್ಕೇ ಎರಡು ಗಂಟೆಗೊಮ್ಮೆ ಶೇಕಡಾ ಮತದಾನದ ವರದಿ ಕೊಡುವ ಮುಂಚೆ ಟೋಟಲ್ ಒತ್ತಿ 17ಎ ಜೊತೆ ನೋಡಿಬಿಡಿ. 9ಕ್ಕೆ ಸಿಕ್ಕ ತಪ್ಪು ಅರ್ಧ ಪುಟದಲ್ಲಿರುತ್ತೆ, 6ಕ್ಕೆ ಸಿಕ್ಕಿದ್ದು ಇಡೀ ಪುಸ್ತಕದಲ್ಲಿ.

ಇನ್ನೊಂದು ಕೌಂಟರ್ ಕಾಯಿಲೆ: 17ಸಿ, ಡೈರಿ, ಅಣಕು ಪ್ರಮಾಣಪತ್ರವನ್ನು ಬೇರೆ ಲಕೋಟೆಯೊಳಗೆ ತುರುಕಿ ಅರಗು ಹಾಕಿಬಿಡುವುದು. ಅಲ್ಲಿ ಮೊದಲು ಕೇಳುವುದೇ ಅವನ್ನು. ಕೈಗೆ ಸಿಗುವಂತೆ ಹೊರಗಿರಲಿ. ಏಜೆಂಟರಿಗೆ 17ಸಿ ನಕಲು ಕೊಟ್ಟು ರಸೀದಿಗೆ ಸಹಿ ಪಡೆಯುವುದೂ ಮತಗಟ್ಟೆಯಲ್ಲೇ ಮುಗಿಯಬೇಕು.

ಹೊಸಪಿಆರ್‌ಒ

ತುಂಬಾ ಉಪಕಾರ. ಟೆಂಡರ್ಡ್ ಮತ ಈ ಲೆಕ್ಕದಲ್ಲಿ ಎಲ್ಲಿ ಬರುತ್ತೆ?

ಹಾಜರಿಪುಸ್ತಕ

ಬರೋದೇ ಇಲ್ಲ. ಬೇರೆಯವರು ತನ್ನ ಮತ ಹಾಕಿಬಿಟ್ಟಿದ್ದಾರೆ ಅಂತ ಬಂದವರು ನಿಜವಾದ ಮತದಾರ ಅಂತ ನಿಮಗೆ ಖಾತ್ರಿಯಾದರೆ 17ಬಿಯಲ್ಲಿ (ಟೆಂಡರ್ಡ್ ಮತಗಳ ಪಟ್ಟಿ) ಸಹಿ, ಕೈಗೆ ಕಾಗದದ ಮತಪತ್ರ, ಬಾಣದ ಮೊಹರು, ಲಕೋಟೆ. ಯಂತ್ರ ಮುಟ್ಟುವ ಹಾಗಿಲ್ಲ, 17ಎಯಲ್ಲೂ ನಮೂದಿಲ್ಲ. ಗುರುತಿಗೆ ಏಜೆಂಟ್ ಆಕ್ಷೇಪ ಎತ್ತುವ ಚಾಲೆಂಜ್ಡ್ ಮತವೇ ಬೇರೆ. ಅದಕ್ಕೆ 2 ರೂಪಾಯಿ ಠೇವಣಿ, ವಿಚಾರಣೆ. ಇವೆರಡನ್ನೂ ಕಲಸಿಕೊಂಡವರೇ ಹೆಚ್ಚು.

ಅಂದಹಾಗೆ ಇದೆಲ್ಲ ವಿಧಾನಸಭೆ, ಲೋಕಸಭೆಗೆ. ಗ್ರಾಮ ಪಂಚಾಯಿತಿ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು, ಅಲ್ಲಿನ ಕೈಪಿಡಿಯೇ ಬೇರೆ.

ಸೆಕ್ಟರ್_ಜೀಪು

ಶಾಯಿ ಬಾಟಲಿ. ಮೈಸೂರಿನಿಂದ ಬರೋ ಶಾಯಿ ಗಟ್ಟಿಯೇ, ಉರುಳಿಸಿದರೆ ಮಾತ್ರ 17ಎ ಪುಟಗಳೇ ಹೋಗುತ್ತವೆ. ಅಗಲ ತಳದ ಡಬ್ಬಿಯಲ್ಲಿ ಮರಳು ಹಾಕಿ ನೆಟ್ಟಿಡಿ. ಶಾಯಿ ಹಚ್ಚಿದ ಮೇಲೆ ಸಹಿ ಮಾಡಿಸಿ; ಅಷ್ಟರಲ್ಲಿ ಒಣಗುತ್ತೆ.

ಮುಗಿಸುವ ಸಮಯಕ್ಕೆ ಸಾಲು ಇದ್ದರೆ ಸಹಿ ಮಾಡಿದ ಚೀಟಿಯನ್ನು ಕಟ್ಟಕಡೆಯವರಿಂದ ಮುಂದಕ್ಕೆ ಹಂಚುತ್ತಾ ಬನ್ನಿ. ಮುಂದಿನಿಂದ ಹಂಚಿದರೆ ಬಾಲ ಬೆಳೆಯುತ್ತಲೇ ಇರುತ್ತೆ.

ಸಿಯುನ ಬ್ಯಾಲೆಟ್ ಬಟನ್ ಒತ್ತಿ ಅವಕಾಶ ಕೊಟ್ಟ ಮೇಲೆ ಮತದಾರ ಮತ ಹಾಕದೆ ಹೊರಟರೆ ಸಿಯುನ ‘ಬ್ಯುಸಿ’ ದೀಪ ಉರಿಯುತ್ತಲೇ ಇರುತ್ತೆ. ಮುಂದಿನವರನ್ನು ಮತ್ತೆ ಬಟನ್ ಒತ್ತದೆ ಒಳಗೆ ಕಳಿಸಿ. ಕೊನೆಯ ಮತದಾರನೇ ಹೀಗೆ ಮಾಡಿದರೆ ಕ್ಲೋಸ್ ಕೆಲಸ ಮಾಡಲ್ಲ. ಸಿಯು ಆಫ್ ಮಾಡಿ, ವಿವಿಪ್ಯಾಟ್ ಕೇಬಲ್ ಬಿಡಿಸಿ, ಮತ್ತೆ ಆನ್ ಮಾಡಿ. ದೀಪ ಆರುತ್ತೆ, ಆಗ ಕ್ಲೋಸ್ ಒತ್ತಿ. ಸಾಗಣೆ ಪೆಟ್ಟಿಗೆಗೆ ಹಾಕುವ ಮುಂಚೆ ವಿವಿಪ್ಯಾಟ್ ಬ್ಯಾಟರಿ ತೆಗೆಯಿರಿ, ಗುಬ್ಬಿಯನ್ನು ಅಡ್ಡ ತಿರುಗಿಸಿ. ಸಿಯು ಬ್ಯಾಟರಿ ಮುಟ್ಟಬೇಡಿ.