ತೂಕ 101 ಕೆಜಿ, ದಿನಾ ಹೊಟ್ಟೆಗೆ ಸೂಜಿ: ನನಗೆ ನಾರ್ಮಲ್ ಹೆರಿಗೆ ಆಗಲ್ವಾ?

ತಿಪಟೂರಿನ ಮಗಳು:

ನಮಸ್ಕಾರ. ನನಗೆ 36 ವರ್ಷ, ಚೊಚ್ಚಲ ಬಸಿರು, ಈಗ 33ನೇ ವಾರ. ಎತ್ತರ 158 ಸೆಂ.ಮೀ. ಮೂರನೇ ತಿಂಗಳಲ್ಲಿ ತಾಯಿ ಕಾರ್ಡಿನಲ್ಲಿ ಬರೆದ ತೂಕ 94 ಕೆಜಿ, ಮೊನ್ನೆ ಸೋಮವಾರ 101. ಶುರುವಿನ ತೂಕ ಹಿಡಿದು ಡಾಕ್ಟರ್ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 37 ದಾಟಿದೆ ಅಂದರು. ಜೊತೆಗೆ ಎಡಗಾಲಿನ ನರ ಮಂಡಿ ದಾಟಿ ತೊಡೆವರೆಗೂ ಉಬ್ಬಿದೆ. ಹಾಗಲಕಾಯಿ ಅಂಟಿಸಿದ ಹಾಗೆ ಕಾಣುತ್ತೆ.

28ನೇ ವಾರದಿಂದ ದಿನಾ ರಾತ್ರಿ ಒಂಬತ್ತಕ್ಕೆ ಹೊಟ್ಟೆಗೆ ಎನಾಕ್ಸಪರಿನ್ ಸೂಜಿ. ರಕ್ತ ಹೆಪ್ಪುಗಟ್ಟದೇ ಇರಲಿ ಅಂತ. ಚುಚ್ಚೋದು ನನ್ನ ಗಂಡ. ಚುಚ್ಚುವ ಹೊತ್ತಿಗೆ ಅವರೇ ಕಣ್ಣು ಮುಚ್ಚಿಕೊಳ್ಳುತ್ತಾರೆ, ನನಗೆ ಸೂಜಿಗಿಂತ ಅದೇ ಭಯ. ಹೊಟ್ಟೆ ತುಂಬಾ ನೀಲಿ ಕಲೆ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿದ ಅಮ್ಮ "ಮಗುವಿಗೆ ಚುಚ್ಚಿದರೆ ಏನು ಗತಿ" ಅಂತ ಅತ್ತುಬಿಟ್ಟರು.

ಮೊನ್ನೆ ಸ್ಕ್ಯಾನಿಂಗ್ ಮಾಡುವವರು ಹೊಟ್ಟೆ ಮೇಲೆ ಆ ಕಡ್ಡಿ ಒತ್ತುತ್ತಾ, "ಇಷ್ಟು ದಪ್ಪ ಇದೀರಾ, ಸೀದಾ ಸಿಸೇರಿಯನ್‌ಗೆ ರೆಡಿಯಾಗಿ" ಅಂದರು. ನನ್ನ ಡಾಕ್ಟರ್ ಹಾಗೆ ಹೇಳಿಲ್ಲ, "ನೋಡೋಣ" ಅಂದಿದ್ದಾರೆ. ಆ "ನೋಡೋಣ" ಇಟ್ಟುಕೊಂಡು ರಾತ್ರಿ ನಿದ್ದೆ ಬರುತ್ತಿಲ್ಲ. ಬೆನ್ನಿಗೆ ಕೊಡುವ ನೋವಿನ ಇಂಜೆಕ್ಷನ್, ಎಪಿಡ್ಯೂರಲ್, ಈ ಸೂಜಿ ತಗೊಳ್ಳುವವರಿಗೆ ಕೊಡಲ್ಲ ಅಂತಲೂ ಯಾರೋ ಅಂದರು. ನಿಜನಾ?

ಇನ್ನು ಅಮ್ಮನ ಬಾಣಂತನದ ಪಟ್ಟಿ ರೆಡಿ ಇದೆ. 40 ದಿನ ಮಂಚದಿಂದ ಇಳಿಯಬಾರದು, ನೀರು ದಿನಕ್ಕೆ ಎರಡೇ ಲೋಟ.

ದಯವಿಟ್ಟು ತೂಕ ಇಳಿಸಿ ಅಂತ ಬರೆಯಬೇಡಿ. ಅದನ್ನು 20 ವರ್ಷದಿಂದ ಕೇಳಿದ್ದೇನೆ.

ಲೆಸ್ಟರ್ ಸೊಸೆ:

ನಾನು ಹಾಸನದವಳು, ಇಂಗ್ಲೆಂಡಿನಲ್ಲಿದ್ದೇನೆ. ನನ್ನ ಬಿಎಂಐ 41, ವಯಸ್ಸು 37 ಇತ್ತು. ನನಗೂ 28ನೇ ವಾರದಿಂದಲೇ ಸೂಜಿ. ನಾರ್ಮಲ್ ಹೆರಿಗೆಯೇ ಆಯಿತು, ಎಪಿಡ್ಯೂರಲ್ ಕೂಡ ಸಿಕ್ಕಿತು. ಆದರೆ ಕಾಯಬೇಕಾಯಿತು. ಅದನ್ನು ಮೊದಲೇ ತಿಳಿದುಕೊಳ್ಳಿ.

ಈ ಮುಂಜಾಗ್ರತೆ ಡೋಸ್ ತಗೊಂಡ ಮೇಲೆ 12 ಗಂಟೆ ಬೆನ್ನಿಗೆ ಸೂಜಿ ಹಾಕುವುದಿಲ್ಲ. ಬೆನ್ನುಹುರಿ ಹತ್ತಿರ ರಕ್ತ ಸೋರಿ ನಿಂತರೆ ಕಾಲಿನ ಶಕ್ತಿಯೇ ಹೋಗಬಹುದು, ಅದಕ್ಕೆ. ನಾನು ರಾತ್ರಿ ಒಂಬತ್ತಕ್ಕೆ ಚುಚ್ಚಿಕೊಂಡಿದ್ದೆ, ಎರಡು ಗಂಟೆಗೆ ನೋವು ಶುರು. ಬೆಳಿಗ್ಗೆ ಒಂಬತ್ತರ ತನಕ ಬರೀ ನೋವು ತಗ್ಗಿಸುವ ಗ್ಯಾಸ್ ಎಳೆದುಕೊಂಡು, ಗಂಡನ ಕೈ ಹಿಂಡಿಕೊಂಡು ಕಳೆದೆ. ಆಮೇಲೆ ಅನಸ್ತೇಶಿಯಾ ಡಾಕ್ಟರ್ ಬಂದು ಸ್ಕ್ಯಾನ್ ಇಟ್ಟು ಜಾಗ ಹುಡುಕಿದರು. ಮೂರನೇ ಸಲಕ್ಕೆ ಸಿಕ್ಕಿತು. ನಮ್ಮಂಥವರಿಗೆ ಬೆನ್ನಿನ ಮೂಳೆ ಕೈಗೆ ಸಿಗುವುದು ಕಷ್ಟ, ಅದಕ್ಕೇ ಬೇಗ ಹೇಳಿಡಬೇಕು. ಇಲ್ಲಿ ಬಿಎಂಐ 40 ದಾಟಿದರೆ ಹೆರಿಗೆಗೆ ಮೊದಲೇ ಅವರನ್ನು ಭೇಟಿ ಮಾಡಿಸುತ್ತಾರೆ. ನೀವೂ ಕೇಳಿ ಭೇಟಿ ಮಾಡಿ. ಮುಖ್ಯ ಮಾತು: ನೋವು ಅಂತ ಅನುಮಾನ ಬಂದರೂ ಆವತ್ತಿನ ಸೂಜಿ ತಗೊಳ್ಳಬೇಡಿ, ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ನೀರಿನ ತೊಟ್ಟಿಯಲ್ಲಿ ಹೆರಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಬೇಡ ಅಂದರು. "ನಾನು ದಪ್ಪ ಅಂತನಾ?" ಅಂತ ಮುಖಕ್ಕೇ ಕೇಳಿದೆ. ನೀವು ತಲೆಸುತ್ತಿ ಬಿದ್ದರೆ ತಕ್ಷಣ ಎತ್ತಲು ನಮ್ಮ ಹತ್ತಿರ ವ್ಯವಸ್ಥೆ ಇಲ್ಲ ಅಂದಳು ಸೂಲಗಿತ್ತಿ ನರ್ಸ್. ಕಾರಣ ಗೊತ್ತಾದ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಷವರ್ ಕೆಳಗೆ ಸ್ಟೂಲ್ ಹಾಕಿಕೊಟ್ಟರು. ಮಗುವಿನ ಎದೆಬಡಿತ ನೋಡುವ ಬೆಲ್ಟ್ ಹೊಟ್ಟೆ ಮೇಲೆ ನಿಲ್ಲದೆ ಜಾರುತ್ತಿತ್ತು. ಕೊನೆಗೆ ಮಗುವಿನ ನೆತ್ತಿಗೆ ಸಣ್ಣ ಕ್ಲಿಪ್ ಹಾಕಿದರು.

ಹೆರಿಗೆ ಆದಮೇಲೂ 6 ವಾರ ಸೂಜಿ. ಬಳಸಿದ ಸೂಜಿ ಹಾಕಿಡುವ ಹಳದಿ ಡಬ್ಬ ಫ್ರಿಡ್ಜ್ ಮೇಲೆ ಗಣಪತಿ ಪಕ್ಕ ಕೂತಿತ್ತು.

ಅಜ್ಜಿ ಮನೆ:

ನಮ್ಮ ಕಾಲದಲ್ಲಿ ಈ ಸೂಜಿ ಗೀಜಿ ಏನೂ ಇರಲಿಲ್ಲ ತಾಯಿ. ನಾಲ್ಕು ಹೆತ್ತೆ, ನಾಲ್ಕು ಸಲವೂ ಬೆಚ್ಚಗೆ ಮಲಗಿದೆ, ಏನೂ ಆಗಲಿಲ್ಲ. ನೀರು ಕುಡಿದರೆ ಹೊಟ್ಟೆ ಜೋತುಬೀಳುತ್ತೆ. ಅಮ್ಮ ಹೇಳಿದ ಹಾಗೆ ಕೇಳು.

ಹೆರಿಗೆ ವಾರ್ಡ್ ನರ್ಸ್:

ಅಜ್ಜಿ, ಕ್ಷಮಿಸಿ. ನಿಮಗೆ ಆಗಲಿಲ್ಲ, ಒಳ್ಳೆಯದೇ ಆಯಿತು. ನಮ್ಮ ವಾರ್ಡಿಗೆ ಹನ್ನೆರಡನೇ ದಿನದ ಬಾಣಂತಿ ಎಡಗಾಲು ಬಾಳೆದಿಂಡಿನ ಹಾಗೆ ಊದಿಸಿಕೊಂಡು ಬಂದಿದ್ದಳು. ಮನೆಯವರು ವಾಯು ಅಂತ ಎಣ್ಣೆ ತಿಕ್ಕುತ್ತಿದ್ದರು, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಅದಕ್ಕೇ ಉದ್ದಕ್ಕೆ ಬರೀತಿದೀನಿ.

ತಿಪಟೂರಿನ ಮಗಳೇ, ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಬಾರದು ಅಂತ ಬಸುರಿಯ ರಕ್ತ ತಾನಾಗೇ ಬೇಗ ಹೆಪ್ಪುಗಟ್ಟುವ ಹಾಗೆ ಬದಲಾಗುತ್ತೆ. ಗರ್ಭಕೋಶ ಬೇರೆ ಸೊಂಟದ ರಕ್ತನಾಳ ಒತ್ತುತ್ತೆ, ಎಡಗಡೆಯದಕ್ಕೆ ಒತ್ತಡ ಇನ್ನೂ ಹೆಚ್ಚು. ಕಾಲಲ್ಲಿ ಕಟ್ಟಿದ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಬ್ರಿಟನ್ನಿನ ಹೆರಿಗೆ ಡಾಕ್ಟರ್‌ಗಳ ಸಂಸ್ಥೆ ಆರ್‌ಸಿಒಜಿ 2015ರಲ್ಲಿ ಹಾಕಿದ ಹೆಪ್ಪುಗಟ್ಟುವ ಅಪಾಯದ ಲೆಕ್ಕದಲ್ಲಿ ಬಿಎಂಐ 30 ದಾಟಿದ್ದಕ್ಕೆ ಒಂದು ಅಂಕ, 40 ಆದರೆ ಎರಡು. 35 ವರ್ಷ ದಾಟಿದ್ದಕ್ಕೆ ಒಂದು, ನಿಮ್ಮಂತೆ ಉಬ್ಬಿದ ನರಕ್ಕೆ ಒಂದು. ನಿಮ್ಮದು ಮೂರಾಯಿತು. ಮೂರಾದರೆ 28ನೇ ವಾರದಿಂದ ಸೂಜಿ. ಅಂದರೆ ಬರೀ ತೂಕ ನೋಡಿ ಬರೆದದ್ದಲ್ಲ.

ಈ ಔಷಧಿ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ಸೂಜಿ ಚರ್ಮದ ಕೆಳಗಿನ ಕೊಬ್ಬಿನಲ್ಲೇ ನಿಲ್ಲುತ್ತೆ, ಗರ್ಭಕೋಶ ಅದಕ್ಕೆ ಎಟುಕಲ್ಲ. ಅಮ್ಮನಿಗೆ ಹೀಗೇ ಹೇಳಿ. ಎದೆಹಾಲು ಕುಡಿಸಲೂ ತೊಂದರೆ ಇಲ್ಲ. ಗಂಡನಿಗೆ: ಹೊಕ್ಕಳಿನಿಂದ ದೂರ, ಪಕ್ಕಕ್ಕೆ ಚರ್ಮ ಚಿವುಟಿ ಹಿಡಿದು, ನೆಟ್ಟಗೆ, ನಿಧಾನಕ್ಕೆ. ಸಿರಿಂಜಿನಲ್ಲಿರುವ ಗುಳ್ಳೆಯನ್ನು ಹೊರಗೆ ಚಿಮ್ಮಿಸಬೇಡಿ. ಆಮೇಲೆ ಉಜ್ಜಬೇಡಿ, ಉಜ್ಜಿದರೆ ನೀಲಿ ಕಲೆ ಜಾಸ್ತಿ. ಕಣ್ಣು ಮಾತ್ರ ಬಿಟ್ಟುಕೊಂಡಿರಲಿ!

ತೂಕ ಒಂದೇ ಸಿಸೇರಿಯನ್‌ಗೆ ಕಾರಣ ಅಲ್ಲ. ಸಿಸೇರಿಯನ್ ಆದರೆ ಹೆಪ್ಪುಗಟ್ಟುವ ಅಪಾಯ ಇನ್ನೂ ಏರುತ್ತೆ, ಹೊಲಿಗೆ ಕೀವಾಗುವುದೂ ನಮ್ಮಲ್ಲಿ ಕಾಣುತ್ತೆ. ಆದರೆ ಹೆರಿಗೆ ನಡುವೆ ಸಿಸೇರಿಯನ್ ಬೇಕಾಗುವುದು ತೆಳ್ಳಗಿನವರಿಗಿಂತ ನಿಮಗೆ ಹೆಚ್ಚು, ಅದನ್ನೂ ಮುಚ್ಚಿಡಲ್ಲ. ಹಾಗಾಗಿ ತವರಿನ ಹತ್ತಿರದ ಸಣ್ಣ ನರ್ಸಿಂಗ್ ಹೋಂ ಬೇಡ. ರಾತ್ರಿ ಎರಡು ಗಂಟೆಗೂ ಅನಸ್ತೇಶಿಯಾ ಡಾಕ್ಟರ್ ಇರ್ತಾರಾ, ರಕ್ತ ಸಿಗುತ್ತಾ, ಆಪರೇಷನ್ ಟೇಬಲ್ ಎಷ್ಟು ಕೆಜಿ ತಡೆಯುತ್ತೆ, ಇಷ್ಟು ಕೇಳಿ. ಕೇಳೋಕೆ ನಾಚಿಕೆ ಬೇಡ.

ಬಾಣಂತನದಲ್ಲಿ ಸಬ್ಬಸಿಗೆ ಸೊಪ್ಪು, ಎಣ್ಣೆ ನೀರು ಎಲ್ಲ ಇರಲಿ. ಮಂಚ ಮಾತ್ರ ಬೇಡ. ಕಾಲಲ್ಲಿ ಶಕ್ತಿ ಬಂದ ತಕ್ಷಣ, ಆವತ್ತೇ, ಎದ್ದು ನಡೆಯಿರಿ. ಬಾಯಾರಿದಷ್ಟೂ ನೀರು ಕುಡಿಯಿರಿ. ಒಂದೇ ಕಾಲು ಊದಿದರೆ, ಮೀನಖಂಡ ಅಥವಾ ತೊಡೆ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ತಿಪಟೂರಿನ ಮಗಳು:

ಓದ್ತಾ ಓದ್ತಾ ಅತ್ತುಬಿಟ್ಟೆ. ಇನ್ನೊಂದು ವಿಷಯ. ಹೋದ ವಾರ ಮೆಡಿಕಲ್ ಶಾಪಿನಲ್ಲಿ ಡಾಕ್ಟರ್ ಬರೆದ 60 ಮಿ.ಗ್ರಾಂ. ಸೂಜಿ ಇಲ್ಲ ಅಂತ 40ರ ಸಿರಿಂಜ್ ಕೊಟ್ಟರು, "ಎರಡೂ ಒಂದೇ ಮೇಡಂ" ಅಂದರು. ಐದು ದಿನ ಅದನ್ನೇ ಚುಚ್ಚಿಕೊಂಡೆ.

ಹೆರಿಗೆ ವಾರ್ಡ್ ನರ್ಸ್:

ಒಂದೇ ಅಲ್ಲ! 50ರಿಂದ 90 ಕೆಜಿಗೆ 40, 91ರಿಂದ 130ಕ್ಕೆ 60 ಮಿ.ಗ್ರಾಂ. ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ ಐದು ದಿನದ ಕಥೆ ಹೇಳಿ. ನೀವಾಗೇ ಎರಡು ಸಿರಿಂಜ್ ಸೇರಿಸಿ ಲೆಕ್ಕ ಸರಿಮಾಡಲು ಹೋಗಬೇಡಿ.

ತಿಪಟೂರಿನ ಮಗಳು:

ಮಾಡಿದೆ. ಇವತ್ತು ರಾತ್ರಿಯಿಂದ 60. ನಾಳೆ ಹನ್ನೊಂದಕ್ಕೆ ಬಂದು ಕಾಲು ತೋರಿಸಿ ಅಂದರು, ಅನಸ್ತೇಶಿಯಾ ಡಾಕ್ಟರ್ ಭೇಟಿಯೂ ಅದೇ ಹೊತ್ತಿಗೆ. ಹೆರಿಗೆ ನಾನಿರುವ ಬೆಂಗಳೂರಲ್ಲೇ, ಅಮ್ಮ ಇಲ್ಲಿಗೇ ಬರುತ್ತಾರೆ. ನೀರಿನ ವಿಷಯಕ್ಕೆ ಎರಡು ಲೋಟದಿಂದ ಆರಕ್ಕೆ ಇಳಿದಿದ್ದಾರೆ, ಇಳಿದಿದ್ದಾರೋ ಏರಿದ್ದಾರೋ, ಒಟ್ಟಿನಲ್ಲಿ ಚೌಕಾಸಿ ನಡೀತಿದೆ.