ಕಕ್ಕಬ್ಬೆ ತೊರೆಯ ಈ ಕಪ್ಪೆಗೆ ಯಾವ ಹೆಸರು?

ಬೋಪಯ್ಯ, ಕಕ್ಕಬ್ಬೆ:
ತೋಟದ ಮೇಲ್ಗಡೆ, ತಡಿಯಂಡಮೋಳ್ ಕಡೆಯಿಂದ ಇಳಿಯುವ ತೊರೆಯಲ್ಲಿ ನಿನ್ನೆ ಬೆಳಿಗ್ಗೆ ತೆಗೆದ ಫೋಟೋ ಇದು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಕಂದು ಕಪ್ಪೆ, ನೀರು ಸಿಡಿಯುವ ಬಂಡೆ ಮೇಲೆ ಕೂತಿತ್ತು. ಎರಡು ಸಲ ಕೂಗಿ, ಒಂದು ಹಿಂಗಾಲನ್ನು ಪೂರ್ತಿ ಹಿಂದಕ್ಕೆ ಚಾಚಿ ಬೆರಳು ಬಿಡಿಸಿತು. ನಡುವಿನ ಪೊರೆ ಬೆಳ್ಳಗೆ ಮಿನುಗಿತು. ಮೇಘಾಲಯದ ಅಮೊಲಾಪ್ಸ್ ಅಂತ ಒಬ್ಬರು ಹೇಳಿದರು. ಹೌದಾ?

ಸುಜಾತ, ಮಡಿಕೇರಿ:
ಅಲ್ಲ ಬೋಪಯ್ಯಣ್ಣ. ಅಮೊಲಾಪ್ಸ್ ಹಿಮಾಲಯ, ಈಶಾನ್ಯ ಭಾರತ, ಚೀನಾ, ಆಗ್ನೇಯ ಏಷ್ಯಾದ ಕಪ್ಪೆ. ನಮ್ಮ ಘಟ್ಟದಲ್ಲಿಲ್ಲ. ಇದು ಮೈಕ್ರಿಕ್ಸಾಲಸ್, ಕುಣಿಯುವ ಕಪ್ಪೆ.

ಹರೀಶ್, ಸುಳ್ಯ:
ಕುಣಿದದ್ದಕ್ಕೇ ಹಾಗೆ ಹೇಳುವುದಾ? ಬೋರ್ನಿಯೋದ ಸ್ಟಾರಾಯ್ಸ್ ಕಪ್ಪೆ ಕೂಡ ಕಾಲು ಬೀಸುತ್ತದೆ. ಬೆರಳ ತುದಿಯ ಬಿಲ್ಲೆ, ಪೊರೆ, ಒದ್ದೆ ಬಂಡೆ, ಅಮೊಲಾಪ್ಸ್‌ಗೂ ಇವೆಲ್ಲ ಇವೆ.

ಸುಜಾತ, ಮಡಿಕೇರಿ:
ಸರಿಯಾದ ಪ್ರಶ್ನೆ. ಹೊರಗಿನ ಹೋಲಿಕೆ ನಂಬಿದರೆ ಮೋಸ ಹೋಗುತ್ತೇವೆ, ಗೊದಮೊಟ್ಟೆ ನೋಡಬೇಕು. ಅಮೊಲಾಪ್ಸ್ ಮರಿಯ ಹೊಟ್ಟೆಯಡಿ ಬಟ್ಟಲಿನಂಥ ಹೀರುಬಿಲ್ಲೆ ಇರುತ್ತದೆ, ಎಷ್ಟೇ ರಭಸದ ನೀರಲ್ಲೂ ಬಂಡೆಗೆ ಕಚ್ಚಿಕೊಂಡಿರುತ್ತದೆ. ಕುಣಿಯುವ ಕಪ್ಪೆಯ ಮರಿ ಅದೇ ರಭಸಕ್ಕೆ ಜಲ್ಲಿಯೊಳಗೆ ಇಳಿದುಬಿಡುತ್ತದೆ. ಹಾವುಮೀನಿನಂಥ ಮೈ, ಕಣ್ಣಿನ ಮೇಲೆ ಚರ್ಮ. 2016ರಲ್ಲಿ ಅದರ ವಿವರ ಪ್ರಕಟವಾದಾಗ ಓದಿ ಬೆರಗಾಗಿದ್ದೆ. ಅಷ್ಟು ವರ್ಷ ನಮ್ಮ ಕಾಲಡಿಯಲ್ಲೇ ಇತ್ತಲ್ಲ!

ಹರೀಶ್, ಸುಳ್ಯ:
ಒಪ್ಪಿದೆ. ಹಾಗಾದರೆ ಕೊಟ್ಟಿಗೆಹಾರದ್ದೇ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಬೆನ್ನಿನ ಬಣ್ಣ ನೋಡಿ.

ರವಿ, ವಿರಾಜಪೇಟೆ:
ಬಣ್ಣ ನೋಡಿ ಹೆಸರಿಡಬೇಡಿ ಹರೀಶ್. ಒಂದೇ ತೊರೆಯಲ್ಲಿ, ಒಂದೇ ದಿನ ಕಂದು, ಕೆಂಪು, ಬೂದು ಮೂರೂ ಕಂಡಿದ್ದೇನೆ. 2014ರಲ್ಲಿ ಕಪ್ಪೆ ವಿಜ್ಞಾನಿ ಎಸ್. ಡಿ. ಬಿಜು ಅವರ ತಂಡ ಈ ಕುಲದಲ್ಲಿ 14 ಹೊಸ ಪ್ರಭೇದಗಳನ್ನು ವಿವರಿಸಿತು, ಒಟ್ಟು 24 ಆಯಿತು. ಡಿಎನ್‌ಎ ಜೊತೆಗೆ ಮೈ ಅಳತೆ, ಪೊರೆ ಎಲ್ಲವನ್ನೂ ಹೋಲಿಸಿ ಮಾಡಿದ ಕೆಲಸ ಅದು.

ಅಯ್ಯಪ್ಪ, ಸೋಮವಾರಪೇಟೆ:
24 ಎಲ್ಲಿಂದ ಬಂತು? ನಮ್ಮ ಕಣ್ಣಿಗೆ ಎಲ್ಲ ಒಂದೇ ಕಪ್ಪೆ. ಕಣ್ಣಿಗೆ ಕಾಣದ ವ್ಯತ್ಯಾಸಕ್ಕೆ ಹೆಸರಿಟ್ಟು ಏನು ಪ್ರಯೋಜನ?

ರವಿ, ವಿರಾಜಪೇಟೆ:
ಅಯ್ಯಪ್ಪಣ್ಣ, ಕೊಡಗಿನದ್ದೇ ಒಂದು ಕತೆ ಕೇಳಿ. ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1920ರಲ್ಲಿ ನಮ್ಮ ಜಿಲ್ಲೆಯ ಒಂದು ಇರುಳುಗಪ್ಪೆಗೆ ನಿಕ್ಟಿಬ್ಯಾಟ್ರಕಸ್ ಸಾಂಕ್ಟಿಪಲುಸ್ಟ್ರಿಸ್ ಅಂತ ಹೆಸರಿಟ್ಟರು. ಪವಿತ್ರ ಜೌಗು ಅಂತ ಅರ್ಥ. ಅವರು ಕೂಡಿಟ್ಟ ಮಾದರಿಗಳು ಆಮೇಲೆ ಕಳೆದುಹೋದವು. ಹೋಲಿಸಿ ನೋಡಲು ಏನೂ ಉಳಿಯಲಿಲ್ಲ, ಕಪ್ಪೆ ಇದೆಯೋ ಇಲ್ಲವೋ ಗೊತ್ತಿಲ್ಲದೆ 91 ವರ್ಷ ಹೋಯಿತು. 2011ರಲ್ಲಷ್ಟೇ ಖಚಿತವಾಗಿ ಮತ್ತೆ ಗುರುತಿಸಿದರು. ಎಲ್ಲ ಒಂದೇ ಅಂದುಕೊಂಡಿದ್ದರೆ ಹುಡುಕಲು ಯಾರು ಹೋಗುತ್ತಿದ್ದರು?

ಅಯ್ಯಪ್ಪ, ಸೋಮವಾರಪೇಟೆ:
ಅದು ನಿಜ. ಆದರೂ ಬರೀ ಡಿಎನ್‌ಎ ಮೇಲೆ ಬೇರೆ ಮಾಡಿದರೆ ನಾನು ಒಪ್ಪುವುದಿಲ್ಲ. ಕೂಗಾಗಲಿ ಅಳತೆಯಾಗಲಿ ಜೊತೆಗಿರಬೇಕು.

ಸುಜಾತ, ಮಡಿಕೇರಿ:
ನಾನೂ ಹಾಗೇ ಹೇಳುವುದು. ಇನ್ನೊಂದು ಮಾತು. ಹೆಣ್ಣು ಹಿಂಗಾಲಲ್ಲಿ ತೊರೆಯ ತಳ ಕೆದಕಿ, ಮೊಟ್ಟೆಯಿಟ್ಟು, ಜಲ್ಲಿ ಮುಚ್ಚುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಮನೆ ಹಿಂದಿನ ತೊರೆಯ ಜಲ್ಲಿಯೆಲ್ಲ ಮೊಣಕಾಲುದ್ದ ಕೆಂಪು ಕೆಸರಿನಡಿ ಹೋಯಿತು. ಎರಡು ಮಳೆಗಾಲ ಅಲ್ಲಿ ಒಂದು ಕೂಗೂ ಕೇಳಲಿಲ್ಲ. ಅಲ್ಲಿದ್ದದ್ದು ಯಾವ ಪ್ರಭೇದ ಅಂತ ಯಾರೂ ಬರೆದಿಟ್ಟಿರಲಿಲ್ಲ. ಈಗಲೂ ಆ ಸಂಕಟ ಹೋಗಿಲ್ಲ.

ಹರೀಶ್, ಸುಳ್ಯ:
ಹಾಗಾದರೆ ಬೋಪಯ್ಯಣ್ಣನ ಫೋಟೋಗೆ ಏನು ಬರೆಯುವುದು?

ರವಿ, ವಿರಾಜಪೇಟೆ:
ಸದ್ಯಕ್ಕೆ ಮೈಕ್ರಿಕ್ಸಾಲಸ್ ಅಂತ ಮಾತ್ರ. ಜಾಗ, ತಾರೀಕು, ಹೊತ್ತು ಬರೆಯಿರಿ. ಸಾಧ್ಯವಾದರೆ ಕೂಗು ರೆಕಾರ್ಡ್ ಮಾಡಿ, ಹಿಂಗಾಲ ಪೊರೆ ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆಯಿರಿ. ಹಿಡಿಯುವುದು ಬೇಡ.

ಬೋಪಯ್ಯ, ಕಕ್ಕಬ್ಬೆ:
ನಾಳೆ ಬೆಳಿಗ್ಗೆ ಪೈಪು ನೋಡಲು ಹೋಗುವಾಗ ತೆಗೀತೇನೆ. ತೊರೆಗೆ ಇಳಿಯಬಹುದಾ?

ಸುಜಾತ, ಮಡಿಕೇರಿ:
ಬೇಡ ಅಣ್ಣ, ದಡದ ಕಲ್ಲಿನ ಮೇಲೇ ನಿಲ್ಲಿ. ಮೊಟ್ಟೆ ಜಲ್ಲಿಯಡಿ ಇದ್ದರೆ ಮೇಲಿಂದ ಕಾಣುವುದಿಲ್ಲ.